ಪ್ರೊಲೀಗ್: ಕೊರಿಯಾದ ಸ್ಟಾರ್‌ಕ್ರಾಫ್ಟ್ ತಂಡಗಳ ಹದಿನಾಲ್ಕು ವರ್ಷ

ದಕ್ಷಿಣ ಕೊರಿಯಾದ ಪ್ರೊಲೀಗ್ 2003ರಲ್ಲಿ ಶುರುವಾಗಿ 2016ರಲ್ಲಿ ಮುಗಿಯಿತು. ಸಂಬಳದ ಆಟಗಾರರು, ಕೋಚ್‌ಗಳು, ಕಂಪನಿಗಳ ಒಡೆತನದ ತಂಡಗಳು, ತಿಂಗಳುಗಟ್ಟಲೆ ಏರಿಳಿಯುವ ಅಂಕಪಟ್ಟಿ, ಕೊನೆಗೊಂದು ಫೈನಲ್ ಇವೆಲ್ಲವನ್ನೂ ಒಂದು ಕಂಪ್ಯೂಟರ್ ಆಟಕ್ಕೆ ಒದಗಿಸಿ, ಅದನ್ನು ದೇಶದ ಮಟ್ಟದ ತಂಡ ಕ್ರೀಡೆಯಾಗಿ ನಡೆಸಿದ ಆರಂಭದ ಲೀಗ್‌ಗಳಲ್ಲಿ ಇದರಷ್ಟು ದೀರ್ಘಕಾಲ ಬಾಳಿದವು ವಿರಳ. ಇ-ಸ್ಪೋರ್ಟ್ಸ್ ಎಂದು ಈಗ ಜಗತ್ತು ಕರೆಯುವ ಉದ್ಯಮದ ಬಹುಪಾಲು ರೂಢಿಗಳು ಈ ಲೀಗ್‌ನಲ್ಲಿ ಪ್ರಯೋಗಗೊಂಡು ಗಟ್ಟಿಯಾದವು. ಆ ಉದ್ಯಮವನ್ನು ಇಂದಿಗೂ ಕಾಡುವ ತೊಂದರೆಗಳು ಕೂಡ ಮೊದಲು ಇಲ್ಲಿಯೇ ಕಾಣಿಸಿಕೊಂಡವು.

ಲೀಗ್‌ನ ಆಟ ಸ್ಟಾರ್‌ಕ್ರಾಫ್ಟ್. ಅಮೆರಿಕದ ಬ್ಲಿಝಾರ್ಡ್ ಕಂಪನಿ ಅದನ್ನು 1998ರ ಮಾರ್ಚ್ 31ರಂದು ಬಿಡುಗಡೆ ಮಾಡಿತು. ಅದೇ ವರ್ಷದ ಕೊನೆಗೆ ಬಂದ ಬ್ರೂಡ್ ವಾರ್ ಎಂಬ ವಿಸ್ತರಣೆಯೇ ಕೊರಿಯನ್ನರು ಆಡಿದ ನಿಜವಾದ ಆಟ. ಎದುರುಬದುರಾದ ಇಬ್ಬರು ಆಟಗಾರರು ಟೆರನ್, ಜರ್ಗ್, ಪ್ರೋಟಾಸ್ ಎಂಬ ಮೂರು ಪಡೆಗಳಲ್ಲಿ ಒಂದೊಂದನ್ನು ಆರಿಸಿಕೊಂಡು ಖನಿಜ ಅಗೆಯುತ್ತಾರೆ, ನೆಲೆ ಕಟ್ಟುತ್ತಾರೆ, ಸೈನ್ಯ ಬೆಳೆಸಿ ಕಾದಾಡುತ್ತಾರೆ. ಸರದಿ ಎಂಬುದಿಲ್ಲ, ಎಲ್ಲವೂ ಏಕಕಾಲಕ್ಕೆ ಸಾಗುತ್ತದೆ. ಒಳ್ಳೆಯ ಆಟಗಾರನ ಬೆರಳುಗಳು ನಿಮಿಷಕ್ಕೆ ಮುನ್ನೂರು ಬಾರಿಗೂ ಹೆಚ್ಚು ಕೀಲಿಗಳನ್ನು ಒತ್ತುತ್ತವೆ. ಮೂರೂ ಪಡೆಗಳ ಸ್ವಭಾವ ಪೂರ್ತಿ ಬೇರೆಯಾದರೂ ಅವುಗಳ ಬಲ ಹೆಚ್ಚುಕಡಿಮೆ ಸಮ. ಆ ಸಮತೋಲವೇ ಈ ಆಟಕ್ಕೆ ಹತ್ತು ವರ್ಷಗಳಾಚೆಗೂ ಪ್ರೇಕ್ಷಕರನ್ನು ಉಳಿಸಿಕೊಟ್ಟಿತು.

ಆಟ ಕೊರಿಯಾಕ್ಕೆ ಬಂದ ಹೊತ್ತು ವಿಶೇಷವಾದದ್ದು. 1997ರ ಕೊನೆಗೆ ಏಷ್ಯಾದ ಹಣಕಾಸು ಬಿಕ್ಕಟ್ಟು ಕೊರಿಯಾವನ್ನು ಹೊಡೆದು, ಸರ್ಕಾರ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲಕ್ಕೆ ಕೈಚಾಚಬೇಕಾಯಿತು. ಕೆಲಸ ಕಳೆದುಕೊಂಡವರಲ್ಲಿ ಹಲವರು ಕೈಯಲ್ಲಿದ್ದ ಹಣ ಹಾಕಿ ಪಿಸಿ ಬಾಂಗ್ ತೆರೆದರು. ಸಾಲಾಗಿ ಕಂಪ್ಯೂಟರ್ ಇಟ್ಟು ಗಂಟೆಗಿಷ್ಟು ಎಂದು ಬಾಡಿಗೆ ಪಡೆಯುವ ಅಂಗಡಿಗೆ ಅಲ್ಲಿನ ಹೆಸರು ಅದು. ಹೊಸ ಸರ್ಕಾರ ಬ್ರಾಡ್‌ಬ್ಯಾಂಡ್ ಜಾಲಕ್ಕೆ ಒತ್ತು ಕೊಟ್ಟಿದ್ದರಿಂದ ಈ ಅಂಗಡಿಗಳಿಗೆ ವೇಗದ ಇಂಟರ್ನೆಟ್ ಅಗ್ಗಕ್ಕೆ ದಕ್ಕಿತು. ಎರಡೇ ವರ್ಷಗಳಲ್ಲಿ ಅವುಗಳ ಸಂಖ್ಯೆ ನೂರರ ಆಸುಪಾಸಿನಿಂದ ಹತ್ತು ಸಾವಿರ ದಾಟಿತು. ಶಾಲೆ ಬಿಟ್ಟ ಹುಡುಗರೂ ಕೆಲಸ ಹುಡುಕುತ್ತಿದ್ದ ಯುವಕರೂ ಅಲ್ಲಿ ಕೂತು ಆಡಿದ್ದು ಸ್ಟಾರ್‌ಕ್ರಾಫ್ಟನ್ನೇ.

ಟೆಲಿವಿಷನ್ನಿಗೆ ಅದನ್ನು ತಂದದ್ದು ಮಕ್ಕಳ ಕಾರ್ಟೂನ್ ವಾಹಿನಿ ಟೂನಿವರ್ಸ್. 1999ರಲ್ಲಿ ಅದು ಪ್ರಸಾರ ಮಾಡಿದ ಪಂದ್ಯಾವಳಿಗೆ ಸಿಕ್ಕ ಪ್ರತಿಕ್ರಿಯೆ ಕಂಡು ಮಾತೃಸಂಸ್ಥೆಯು 2000ದಲ್ಲಿ ಆನ್‌ಗೇಮ್‌ನೆಟ್ ಎಂಬ, ಇಪ್ಪತ್ನಾಲ್ಕು ಗಂಟೆಯೂ ಗೇಮ್‌ಗಳನ್ನೇ ತೋರಿಸುವ ಕೇಬಲ್ ವಾಹಿನಿ ಆರಂಭಿಸಿತು. ಅದೇ ವರ್ಷ ಸಂಸ್ಕೃತಿ ಸಚಿವಾಲಯದ ಒಪ್ಪಿಗೆಯೊಂದಿಗೆ ಕೊರಿಯಾ ಇ-ಸ್ಪೋರ್ಟ್ಸ್ ಸಂಘ ಹುಟ್ಟಿತು. ಕೊರಿಯನ್ನರು ಅದನ್ನು ಕೆಸ್ಪಾ ಎನ್ನುತ್ತಾರೆ. ಸ್ವಲ್ಪದರಲ್ಲೇ ಎಂಬಿಸಿ ಗೇಮ್ ಎಂಬ ಎರಡನೆಯ ವಾಹಿನಿಯೂ ಬಂದು ಪೈಪೋಟಿ ಶುರುವಾಯಿತು.

ಮೊದಲ ಕೆಲವು ವರ್ಷ ನಡೆದದ್ದೆಲ್ಲ ವೈಯಕ್ತಿಕ ಪಂದ್ಯಾವಳಿಗಳೇ. 2000ದಲ್ಲಿ ಅಂಥದ್ದೊಂದನ್ನು ಗೆದ್ದ ಕೆನಡಾದ ಗಿಯೋಮ್ ಪಾತ್ರಿ ಕೊರಿಯಾದಲ್ಲಿ ಮನೆಮಾತಾದ. ಅವನ ನಂತರ ಬಂದ ಲಿಮ್ ಯೋ-ಹ್ವಾನ್ 'ಬಾಕ್ಸರ್' ಎಂಬ ಆಟದ ಹೆಸರಿನಿಂದ ದೇಶದ ತಾರೆಯಾದ. ಅಭಿಮಾನಿಗಳು ಅವನನ್ನು ಟೆರನ್ ಚಕ್ರವರ್ತಿ ಎಂದರು. ಅವನ ಅಂತರ್ಜಾಲ ಅಭಿಮಾನಿ ಸಂಘದ ಸದಸ್ಯರ ಸಂಖ್ಯೆ ಐದು ಲಕ್ಷ ದಾಟಿತು. ಆದರೆ ಗೆದ್ದವನಿಗೆ ಬಹುಮಾನ ಸಿಕ್ಕರೆ, ಮೊದಲ ಸುತ್ತಿನಲ್ಲೇ ಸೋತ ಹತ್ತೊಂಬತ್ತರ ಹುಡುಗನಿಗೆ ಮುಂದಿನ ಪಂದ್ಯಾವಳಿಯವರೆಗೆ ಊಟದ ಚಿಂತೆ. ಅಭ್ಯಾಸಕ್ಕೆಂದು ಆಟಗಾರರು ಒಂದೇ ಮನೆಯಲ್ಲಿ ಗುಂಪಾಗಿ ಇರತೊಡಗಿದ್ದರು. ಆ ಮನೆಗಳಿಗೆ ಸ್ಥಿರ ಆದಾಯವಿರಲಿಲ್ಲ. ಕಂಪನಿಗಳು ಹಣ ಹೂಡಬೇಕೆಂದರೆ ತಮ್ಮ ಹೆಸರು ವರ್ಷವಿಡೀ ಪರದೆಯ ಮೇಲೆ ಇರುವ ಏರ್ಪಾಡು ಬೇಕಿತ್ತು. ಒಬ್ಬ ಆಟಗಾರ ಸೋತು ಹೊರಬಿದ್ದರೂ ತಂಡದ ಹೆಸರು ಉಳಿಯುವುದು ತಂಡಗಳ ಲೀಗ್‌ನಲ್ಲಿ ಮಾತ್ರ.

2003ರಲ್ಲಿ ಆನ್‌ಗೇಮ್‌ನೆಟ್ ಆರಂಭಿಸಿದ ಪ್ರೊಲೀಗ್ ಆ ಕೊರತೆಯನ್ನು ತುಂಬಿತು. ಮೊದಲ ಋತುವಿಗೆ ಮೊಬೈಲ್ ಕಂಪನಿ ಕೆಟಿಎಫ್‌ನ 'ಎವರ್' ಬ್ರ್ಯಾಂಡ್ ಪ್ರಾಯೋಜಕ. ಪ್ರಶಸ್ತಿ ಗೆದ್ದದ್ದು ಲಿಮ್ ಇದ್ದ ಓರಿಯನ್ ತಂಡ. ಎಂಬಿಸಿ ಗೇಮ್ ಸುಮ್ಮನಿರದೆ ತನ್ನದೇ 'ಟೀಮ್ ಲೀಗ್' ನಡೆಸಿತು. ಎರಡರ ಸ್ವರೂಪ ಬೇರೆಬೇರೆ. ಪ್ರೊಲೀಗ್‌ನಲ್ಲಿ ಪ್ರತಿ ಸೆಟ್ಟಿಗೂ ಬೇರೆ ಆಟಗಾರ ಇಳಿಯುತ್ತಿದ್ದ, ನಡುವೆ ಇಬ್ಬರ ಎದುರು ಇಬ್ಬರು ಆಡುವ ಜೋಡಿ ಸೆಟ್ ಇರುತ್ತಿತ್ತು. ಟೀಮ್ ಲೀಗ್‌ನಲ್ಲಿ ಗೆದ್ದವನು ಕುರ್ಚಿ ಬಿಡದೆ ಎದುರಾಳಿ ತಂಡದ ಮುಂದಿನವನ ಜೊತೆ ಆಡುತ್ತಿದ್ದ, ಸೋಲುವವರೆಗೂ ಆಡುತ್ತಿದ್ದ. ಮೊದಲನೆಯದು ತಂಡದ ಅಗಲವನ್ನು ಅಳೆಯುವ ಪದ್ಧತಿ. ಎರಡನೆಯದು ಒಬ್ಬ ವೀರನಿಗೆ ಇಡೀ ತಂಡವನ್ನು ಹೊತ್ತು ನಡೆಯುವ ಅವಕಾಶ ಕೊಡುವಂಥದ್ದು. ಪ್ರೊಲೀಗ್ ತನ್ನ ಆಯುಷ್ಯದುದ್ದಕ್ಕೂ ಈ ಎರಡರ ನಡುವೆ ತೂಗಾಡಿತು.

2004ರ ಜುಲೈ 17ರಂದು ಬೂಸಾನ್ ನಗರದ ಗ್ವಾಂಗಲ್ಲಿ ಕಡಲತೀರದಲ್ಲಿ ನಡೆದ ಫೈನಲ್ ಕೊರಿಯಾದ ಪತ್ರಿಕೆಗಳು ಲೀಗನ್ನು ನೋಡುವ ರೀತಿಯನ್ನೇ ಬದಲಿಸಿತು. ಒಂದು ಕಡೆ ಹನ್‌ಬಿಟ್ ಸ್ಟಾರ್ಸ್. ಅದರ ಒಡೆಯ ಸ್ಟಾರ್‌ಕ್ರಾಫ್ಟ್ ಆಟವನ್ನು ಕೊರಿಯಾದಲ್ಲಿ ಮಾರುತ್ತಿದ್ದ ಸಂಸ್ಥೆ. ಇನ್ನೊಂದು ಕಡೆ ಆ ವರ್ಷದ ಏಪ್ರಿಲ್‌ನಲ್ಲಷ್ಟೇ ದೇಶದ ಅತಿ ದೊಡ್ಡ ಮೊಬೈಲ್ ಕಂಪನಿ ಕಟ್ಟಿದ ಎಸ್‌ಕೆ ಟೆಲಿಕಾಂ ಟಿ1, ಲಿಮ್ ಮತ್ತವನ ಜೊತೆಗಾರರ ತಂಡ. ಮರಳಿನ ಮೇಲೆ ಕಟ್ಟಿದ ವೇದಿಕೆಯ ಎದುರು ಸೇರಿದ ಜನ ಸಂಘಟಕರ ಅಂದಾಜಿನಂತೆ ಒಂದು ಲಕ್ಷ. ಅದೇ ಸಂಜೆ ಅದೇ ಊರಿನ ಸಾಜಿಕ್ ಮೈದಾನದಲ್ಲಿ ವೃತ್ತಿಪರ ಬೇಸ್‌ಬಾಲ್‌ನ ಆಲ್-ಸ್ಟಾರ್ ಪಂದ್ಯವಿತ್ತು. ಅಲ್ಲಿಗೆ ಬಂದವರು ಹದಿನೈದು ಸಾವಿರದಷ್ಟು. ಲಕ್ಷವೆಂಬುದು ತುಸು ಉಬ್ಬಿದ ಎಣಿಕೆ ಎಂದುಕೊಂಡರೂ ಎರಡರ ನಡುವಿನ ಅಂತರ ಮುಚ್ಚಿಹಾಕುವಂಥದ್ದಲ್ಲ. ಪಂದ್ಯ ಏಳನೆಯ ಸೆಟ್ಟಿನವರೆಗೂ ಹೋಯಿತು, ಹನ್‌ಬಿಟ್ 4–3ರಿಂದ ಗೆದ್ದಿತು. ಮುಂದಿನ ಹಲವು ವರ್ಷ ಆಟಗಾರರ ಬಾಯಲ್ಲಿ 'ಗ್ವಾಂಗಲ್ಲಿಗೆ ಹೋಗುವುದು' ಎಂದರೆ ಫೈನಲ್ ತಲುಪುವುದು ಎಂದೇ ಅರ್ಥವಾಯಿತು.

2005ರಲ್ಲಿ ಕೆಸ್ಪಾ ಎರಡೂ ವಾಹಿನಿಗಳ ಲೀಗ್‌ಗಳನ್ನು ಒಂದುಗೂಡಿಸಿತು. ಹೆಸರು ಪ್ರೊಲೀಗ್‌ನದ್ದೇ ಉಳಿಯಿತು, ಪ್ರಸಾರ ಇಬ್ಬರಿಗೂ ಹಂಚಿಕೆಯಾಯಿತು. ವರ್ಷವನ್ನು ಪೂರ್ವಾರ್ಧ, ಉತ್ತರಾರ್ಧ ಎಂದು ಒಡೆದು, ಎರಡೂ ಮುಗಿದ ಮೇಲೆ ಒಂದು ಮಹಾಫೈನಲ್ ಇಟ್ಟರು. ಆ ವರ್ಷದ ಡಿಸೆಂಬರ್‌ನಲ್ಲಿ ಸಿಯೋಲ್‌ನ ಯೊಂಗ್ಸಾನ್‌ನಲ್ಲಿ, ಒಂದು ಮಾಲ್‌ನ ಮೇಲಂತಸ್ತಿನಲ್ಲಿ, ಇ-ಸ್ಪೋರ್ಟ್ಸ್‌ಗೆಂದೇ ಕಟ್ಟಿದ ಕ್ರೀಡಾಂಗಣ ಬಾಗಿಲು ತೆರೆಯಿತು.

ಒಗ್ಗೂಡಿದ ಲೀಗ್‌ನ ಪಂದ್ಯದ ಸ್ವರೂಪವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅದರ ಸೊಗಸೆಲ್ಲ ಅಲ್ಲಿದೆ. ಐದು ಸೆಟ್‌ಗಳಲ್ಲಿ ಮೂರು ಗೆದ್ದ ತಂಡಕ್ಕೆ ಜಯ, ಫೈನಲ್‌ನಲ್ಲಿ ಏಳರಲ್ಲಿ ನಾಲ್ಕು. ಪ್ರತಿ ಸೆಟ್ ಯಾವ ಮ್ಯಾಪ್ ಮೇಲೆ ನಡೆಯುತ್ತದೆ ಎಂಬುದು ಮೊದಲೇ ನಿಗದಿ. ಮ್ಯಾಪ್‌ಗಳನ್ನು ಕೊರಿಯಾದ ನಕ್ಷೆಗಾರರೇ ರಚಿಸುತ್ತಿದ್ದರು ಮತ್ತು ಋತುವಿನಿಂದ ಋತುವಿಗೆ ಬದಲಿಸುತ್ತಿದ್ದರು. ಬೆಟ್ಟ, ಸೇತುವೆ, ಇಕ್ಕಟ್ಟಿನ ದಾರಿ ಒಂದೊಂದು ಪಡೆಗೆ ಅನುಕೂಲ ಮಾಡಿಕೊಡುತ್ತಿದ್ದರಿಂದ, ಯಾವ ಮ್ಯಾಪ್‌ಗೆ ಯಾರನ್ನು ಇಳಿಸಬೇಕು ಎಂಬುದೇ ಕೋಚ್‌ನ ಮೊದಲ ಪರೀಕ್ಷೆ. ಎದುರಾಳಿ ಕೋಚ್ ಯಾರನ್ನು ಕಳಿಸಬಹುದೆಂದು ಊಹಿಸಿ, ಅವನಿಗೆ ಸರಿಹೊಂದುವ ಆಟಗಾರನ ಹೆಸರನ್ನು ಪಟ್ಟಿಯಲ್ಲಿ ಬರೆದು ಒಪ್ಪಿಸಬೇಕು. ಊಹೆ ನಿಜವಾದರೆ ವಾರವಿಡೀ ಒಬ್ಬನ ಆಟವನ್ನೇ ಅರೆದು ಕುಡಿದ ಹುಡುಗ ತನಗಿಂತ ಬಹಳ ಮೇಲಿನವನನ್ನು ಹತ್ತೇ ನಿಮಿಷದಲ್ಲಿ ಕೆಡವಬಲ್ಲ. ಹೀಗೆ ಹೆಸರಿಲ್ಲದ ಹುಡುಗರು ಚಾಂಪಿಯನ್ನರನ್ನು ಮಣಿಸಿದ ಪಂದ್ಯಗಳೇ ಪ್ರೊಲೀಗ್‌ನ ನಿತ್ಯದ ಆಕರ್ಷಣೆಯಾಗಿದ್ದವು.

ಸೆಟ್‌ಗಳು ಎರಡು-ಎರಡು ಆದಾಗ ಬರುವುದು ಏಸ್ ಪಂದ್ಯ. ಅದಕ್ಕೆ ಮಾತ್ರ ಹೆಸರನ್ನು ಮೊದಲೇ ಕೊಡುವ ಹಾಗಿಲ್ಲ. ನಾಲ್ಕನೆಯ ಸೆಟ್ ಮುಗಿದ ಮೇಲೆ ಕೋಚ್ ತನ್ನ ತಂಡದ ಯಾರನ್ನು ಬೇಕಾದರೂ ಆರಿಸಬಹುದು, ಅಂದೇ ಒಮ್ಮೆ ಆಡಿದವನನ್ನೂ. ಎದುರು ಬರುವವನು ಯಾರು, ಅವನ ಪಡೆ ಯಾವುದು ಎಂಬುದು ಗೊತ್ತಿಲ್ಲದೆಯೇ ಆಯ್ಕೆ ಮಾಡಬೇಕು. ಲೀಗ್‌ನ ಎಲ್ಲ ನಿಯಮಗಳಲ್ಲಿ ಇದೇ ಅತ್ಯುತ್ತಮ. ಸೋಲುಗೆಲುವಿನ ಪೂರ್ತಿ ಭಾರವನ್ನು ಅದು ಒಂದು ನಿರ್ಧಾರದ ಮೇಲೆ, ಒಬ್ಬ ಮನುಷ್ಯನ ಮೇಲೆ ತಂದು ನಿಲ್ಲಿಸುತ್ತಿತ್ತು. ಮುಂದೆ ಕೆಟಿಎಫ್ ತಂಡಕ್ಕೆ ಬಂದ ಲೀ ಯಂಗ್-ಹೋ ಒಂದೇ ದಿನ ಎರಡು ಸೆಟ್ ಗೆದ್ದು ತಂಡವನ್ನು ದಡ ಸೇರಿಸಿದ ಸಂಜೆಗಳು ಎಷ್ಟೋ.

ಜೋಡಿ ಸೆಟ್‌ನ ಕಥೆ ಬೇರೆ. ಅದನ್ನೇ ಅಭ್ಯಾಸ ಮಾಡುವ ಆಟಗಾರರು ಪ್ರತಿ ತಂಡದಲ್ಲೂ ಇದ್ದರು. ಆದರೆ ನೋಡುಗರಿಗೆ ಅದು ರುಚಿಸಲಿಲ್ಲ, ಅದರಲ್ಲೇ ಮುಳುಗಿದವರಿಗೆ ಒಂಟಿ ಆಟದಲ್ಲಿ ಜಾಗವಿರಲಿಲ್ಲ. 2008ರ ಕೊನೆಗೆ ಶುರುವಾದ ಋತುವಿನಿಂದ ಅದನ್ನು ಕೈಬಿಟ್ಟರು.

ಆಟಗಾರನಾಗುವ ದಾರಿಯನ್ನೂ ಕೆಸ್ಪಾ ಕ್ರಮಬದ್ಧವಾಗಿಸಿತು. ಹವ್ಯಾಸಿಗಳಿಗಾಗಿ ನಡೆಯುವ ಅರ್ಹತಾ ಪಂದ್ಯಗಳಲ್ಲಿ ಗೆದ್ದವನಿಗೆ ಪರವಾನಗಿ. ನಂತರ ತಂಡಗಳು ಆಯ್ಕೆ ಸಭೆಯಲ್ಲಿ ಅವನನ್ನು ಆರಿಸಿಕೊಳ್ಳಬೇಕು. ಆಯ್ಕೆಯಾದ ಹುಡುಗ ತಂಡದ ಮನೆಯಲ್ಲಿ ಉಳಿದು ದಿನಕ್ಕೆ ಹತ್ತು-ಹನ್ನೆರಡು ಗಂಟೆ ಆಡುತ್ತಿದ್ದ. ಪಾತ್ರೆ ತೊಳೆಯುವುದು, ಹಿರಿಯರಿಗೆ ಅಭ್ಯಾಸದ ಎದುರಾಳಿಯಾಗುವುದು ಕಿರಿಯರ ಪಾಲು. ಬಹುಮಂದಿ ಪ್ರೊಲೀಗ್‌ನ ವೇದಿಕೆಯನ್ನು ಒಮ್ಮೆಯೂ ಹತ್ತದೆ ಮನೆಗೆ ಮರಳಿದರು. ಲೀಗ್‌ನ ವೈಭವದ ವರದಿಗಳಲ್ಲಿ ಈ ಹುಡುಗರ ಪ್ರಸ್ತಾಪ ತೀರಾ ಕಡಿಮೆ. ಚಾಂಪಿಯನ್ನರ ಬೆರಳು ಪಳಗಿದ್ದು ಅವರ ಬೆವರಿನಿಂದ.

2005ರಿಂದ 2006ರ ಮೊದಲರ್ಧದವರೆಗೆ ಎಸ್‌ಕೆ ಟೆಲಿಕಾಂನದ್ದೇ ಆಳ್ವಿಕೆ. ಅದರ ಎದುರಾಳಿ, ಮಾರುಕಟ್ಟೆಯಲ್ಲಿಯೂ ಎದುರಾಳಿ, ಕೆಟಿಎಫ್. ಹಾಂಗ್ ಜಿನ್-ಹೋ, ಕಾಂಗ್ ಮಿನ್, ಪಾರ್ಕ್ ಜಂಗ್-ಸೊಕ್ ಮುಂತಾದ ಹೆಸರಾಂತರನ್ನೆಲ್ಲ ಹಣ ಸುರಿದು ಕೂಡಿಸಿಕೊಂಡ ಈ ತಂಡ ಲೀಗ್ ಹಂತದಲ್ಲಿ ಸತತ 23 ಪಂದ್ಯ ಗೆದ್ದ ದಾಖಲೆ ಬರೆಯಿತು. 2005ರಲ್ಲಿ ಗ್ವಾಂಗಲ್ಲಿಯ ಫೈನಲ್‌ನಲ್ಲಿ ಎಸ್‌ಕೆ ಟೆಲಿಕಾಂಗೆ ಸೋತಿತು. ಎರಡು ಫೋನ್ ಕಂಪನಿಗಳ ಈ ಜಿದ್ದು ಪ್ರೊಲೀಗ್‌ನ ಬೆನ್ನೆಲುಬಾಗಿ ಕೊನೆಯವರೆಗೂ ನಿಂತಿತು.

2006–07ರಲ್ಲಿ ಕಂಪನಿಗಳ ಮೆರವಣಿಗೆಯೇ ಬಂತು. ಸಿಜೆ, ಹಡಗು ಕಟ್ಟುವ ಎಸ್‌ಟಿಎಕ್ಸ್, ಗೇಮ್ ಕಂಪನಿ ವೀಮೇಡ್, ಪಾದರಕ್ಷೆಯ ಹ್ವಾಸುಂಗ್ ತಂಡಗಳನ್ನು ಕೊಂಡವು. ಎರಡೂ ವಾಹಿನಿಗಳು ಸಹ ತಲಾ ಒಂದು ತಂಡದ ಒಡೆಯರಾದವು. 2007ರ ಏಪ್ರಿಲ್‌ನಲ್ಲಿ ಹನ್ನೆರಡನೆಯ ತಂಡವಾಗಿ ಸೇರಿದ್ದು ಕೊರಿಯಾದ ವಾಯುಪಡೆಯ ಏಸ್. ಆಗ ಕೊರಿಯಾದ ಬಹುತೇಕ ಪ್ರತಿ ಯುವಕನೂ ಸುಮಾರು ಎರಡು ವರ್ಷ ಸೇನೆಯಲ್ಲಿ ಕಳೆಯಬೇಕಿತ್ತು. ಬೆರಳಿನ ವೇಗವೇ ಬಂಡವಾಳವಾದ ಆಟದಲ್ಲಿ ಅಷ್ಟು ಬಿಡುವು ಸಿಕ್ಕರೆ ವೃತ್ತಿ ಮುಗಿದಂತೆ. 2006ರ ಅಕ್ಟೋಬರ್‌ನಲ್ಲಿ ಸೇನೆ ಸೇರಿದ ಲಿಮ್ ಯೋ-ಹ್ವಾನ್ ಸೇರಿದಂತೆ ಹಿರಿಯ ಆಟಗಾರರು ಸಮವಸ್ತ್ರದಲ್ಲಿಯೇ ಆಡುವ ದಾರಿ ಇದರಿಂದ ತೆರೆಯಿತು. ಏಸ್ ಬಹುತೇಕ ಅಂಕಪಟ್ಟಿಯ ತಳದಲ್ಲೇ ಇರುತ್ತಿತ್ತು. ಆದರೂ ದೇಶದ ಸೈನ್ಯವೇ ತಂಡ ಕಟ್ಟಿದ್ದರಿಂದ ಈ ವೃತ್ತಿಗೆ ದೊರೆತ ಮಾನ್ಯತೆ ಯಾವ ಪ್ರಶಸ್ತಿಗಿಂತಲೂ ದೊಡ್ಡದು.

ಬೆಳವಣಿಗೆಯ ಈ ಹುಮ್ಮಸ್ಸಿನಲ್ಲೇ ಕೆಸ್ಪಾ ಎಡವಿತು. 2007ರಲ್ಲಿ ಅದು ಪ್ರೊಲೀಗ್‌ನ ಪ್ರಸಾರದ ಹಕ್ಕನ್ನು ಒಂದು ಮಧ್ಯವರ್ತಿ ಸಂಸ್ಥೆಗೆ ಮಾರಿತು. ಈ ಆಟವನ್ನು ಟಿವಿಗೆ ತಂದ ವಾಹಿನಿಗಳೇ ಈಗ ದುಡ್ಡು ಕೊಟ್ಟು ಹಕ್ಕು ಪಡೆಯಬೇಕಾಯಿತು. ಜಗಳದ ನಂತರ ರಾಜಿಯಾಯಿತು. ಪಂದ್ಯಗಳು ವಾರಕ್ಕೆ ಐದು ದಿನಕ್ಕೆ ಏರಿದವು. 2008–09ರಲ್ಲಿ ಋತು ಅಕ್ಟೋಬರ್‌ನಿಂದ ಆಗಸ್ಟ್‌ವರೆಗೆ ಚಾಚಿತು. ಹನ್ನೆರಡು ತಂಡಗಳು, ಐದು ಸುತ್ತು, ಪ್ರತಿ ಸುತ್ತಿನಲ್ಲೂ ಎಲ್ಲರೂ ಎಲ್ಲರ ಜೊತೆ ಒಮ್ಮೆ: ಒಂದು ತಂಡಕ್ಕೆ 55 ಪಂದ್ಯ, ಒಟ್ಟು 330. ಮೊದಲ ಆರು ತಂಡಗಳು ಮುಂದಿನ ಹಂತಕ್ಕೆ. ಅಲ್ಲಿಯ ಏರ್ಪಾಡು ಮೆಟ್ಟಿಲಿನ ಹಾಗೆ: ಕೆಳಗಿನವರು ಒಂದೊಂದೇ ಮೆಟ್ಟಿಲು ಗೆದ್ದು ಏರಬೇಕು, ಅಗ್ರಸ್ಥಾನಿ ನೇರ ಫೈನಲ್‌ನಲ್ಲಿ ಕಾಯುತ್ತಿರುತ್ತಾನೆ. ಲೀಗ್ ಹಂತಕ್ಕೆ ಬೆಲೆ ತಂದ ಒಳ್ಳೆಯ ವ್ಯವಸ್ಥೆ ಇದು. ಆದರೆ 330 ಪಂದ್ಯಗಳು ಹೆಚ್ಚಾದವು. ಆಟಗಾರರು ದಣಿದರು, ವೈಯಕ್ತಿಕ ಪಂದ್ಯಾವಳಿಗಳಿಗೆ ತಯಾರಿ ಮಾಡಿಕೊಳ್ಳಲು ಸಮಯ ಸಿಗದೆ ಅವುಗಳ ಗುಣಮಟ್ಟ ಕುಗ್ಗಿತು, ಪ್ರತಿದಿನವೂ ಸಿಗುವ ಪಂದ್ಯಕ್ಕೆ ನೋಡುಗರ ಕಾತರ ಇಳಿಯಿತು.

ಅದೇ ಋತುವಿನ ಮೂರನೆಯ ಸುತ್ತಿನಲ್ಲಿ ಕೆಸ್ಪಾ ಹಳೆಯ ಟೀಮ್ ಲೀಗ್‌ನ ಪದ್ಧತಿಯನ್ನು 'ವಿನ್ನರ್ಸ್ ಲೀಗ್' ಎಂಬ ಹೆಸರಿನಲ್ಲಿ ಮರಳಿ ತಂದಿತು. ಏಳು ಸೆಟ್, ಗೆದ್ದವನು ಮುಂದುವರಿಯುತ್ತಾನೆ. ನಾಲ್ವರನ್ನೂ ಒಬ್ಬನೇ ಸೋಲಿಸಿದರೆ ಅದಕ್ಕೆ 'ಆಲ್ ಕಿಲ್' ಎಂದರು. 2009ರ ವಸಂತದಲ್ಲಿ ನಡೆದ ವಿನ್ನರ್ಸ್ ಲೀಗ್ ಫೈನಲ್‌ನಲ್ಲಿ ಸಿಜೆ ತಂಡ ಹ್ವಾಸುಂಗ್ ಎದುರು 1–3ರಿಂದ ಹಿಂದಿತ್ತು. ಉಳಿದದ್ದು ಒಂದೇ ಹೆಸರು, ಚೋ ಬ್ಯುಂಗ್-ಸೇ. ಆಗಿನ ಅಗ್ರ ಆಟಗಾರರಲ್ಲಿ ಒಬ್ಬನಾದ ಲೀ ಜೇ-ಡಾಂಗ್‌ನನ್ನೂ ಒಳಗೊಂಡು ಮೂವರನ್ನು ಸಾಲಾಗಿ ಸೋಲಿಸಿ ಅವನು ತಂಡಕ್ಕೆ ಪ್ರಶಸ್ತಿ ತಂದ. ಸ್ವರೂಪ ಸರಿಯಾಗಿದ್ದರೆ ಆಟ ತಾನಾಗಿಯೇ ಕಥೆ ಕಟ್ಟುತ್ತದೆ ಎಂಬುದಕ್ಕೆ ಪ್ರೊಲೀಗ್‌ನ ಚರಿತ್ರೆಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ.

2010 ಎರಡು ಪೆಟ್ಟು ಕೊಟ್ಟಿತು. ಆಟಗಾರರು ಅಕ್ರಮ ಬೆಟ್ಟಿಂಗ್ ದಂಧೆಯವರಿಂದ ಹಣ ಪಡೆದು ಬೇಕೆಂದೇ ಸೋತ ಸಂಗತಿ ಮೇ ತಿಂಗಳಲ್ಲಿ ಸಿಯೋಲ್‌ನ ಪ್ರಾಸಿಕ್ಯೂಟರ್‌ಗಳ ತನಿಖೆಯಿಂದ ಬಯಲಿಗೆ ಬಂತು. ಜೂನ್‌ನಲ್ಲಿ ಕೆಸ್ಪಾ 11 ಮಂದಿಯನ್ನು ಶಾಶ್ವತವಾಗಿ ನಿಷೇಧಿಸಿತು. ಅವರಲ್ಲಿ ಒಬ್ಬ ಹಲವು ವೈಯಕ್ತಿಕ ಪ್ರಶಸ್ತಿಗಳ ಒಡೆಯ, ಒಂದು ಕಾಲಕ್ಕೆ ದೇಶದ ಅತ್ಯುತ್ತಮ ಆಟಗಾರ. ನಂಬಿಕೆಗೆ ಬಿದ್ದ ಈ ಏಟು ಪೂರ್ತಿ ಮಾಯಲಿಲ್ಲ.

ಎರಡನೆಯದು ಒಡೆತನದ ಪ್ರಶ್ನೆ. ಕಬಡ್ಡಿಗೆ ಒಡೆಯನಿಲ್ಲ, ಯಾರು ಬೇಕಾದರೂ ಗೆರೆ ಎಳೆದು ಆಡಿಸಬಹುದು. ಸ್ಟಾರ್‌ಕ್ರಾಫ್ಟ್‌ಗೆ ಒಡೆಯನಿದ್ದ. ಕೆಸ್ಪಾ ಪ್ರಸಾರದ ಹಕ್ಕು ಮಾರಿದ್ದನ್ನು ಕಂಡ ಬ್ಲಿಝಾರ್ಡ್, ತನ್ನ ಸೃಷ್ಟಿಯ ಪ್ರಸಾರವನ್ನು ಇನ್ನೊಬ್ಬರು ಮಾರುವುದು ಹೇಗೆ ಎಂದು ಕೇಳಿತು. ವರ್ಷಗಳ ಮಾತುಕತೆ ಮುರಿದುಬಿದ್ದು, 2010ರಲ್ಲಿ ಬ್ಲಿಝಾರ್ಡ್ ಕೊರಿಯಾದ ಹಕ್ಕನ್ನು ಗೊಮ್‌ಟಿವಿ ಎಂಬ ಅಂತರ್ಜಾಲ ವಾಹಿನಿಯನ್ನು ನಡೆಸುತ್ತಿದ್ದ ಸಂಸ್ಥೆಗೆ ಕೊಟ್ಟಿತು, ವಾಹಿನಿಗಳ ಮೇಲೆ ದಾವೆ ಹೂಡಿತು. 2011ರ ಮೇ ತಿಂಗಳಲ್ಲಿ ಒಪ್ಪಂದವಾಗಿ ದಾವೆ ನಿಂತಿತು. ಎರಡು ಕಡೆಯ ವಾದದಲ್ಲೂ ಹುರುಳಿತ್ತು. ಆಟ ಅಮೆರಿಕದ್ದು, ಅದನ್ನು ಕ್ರೀಡೆಯಾಗಿಸಿದ ದುಡಿಮೆ ಕೊರಿಯನ್ನರದ್ದು. ಆದರೆ ಕಾನೂನಿನ ದೃಷ್ಟಿಯಲ್ಲಿ ಮೊದಲನೆಯದರ ತೂಕವೇ ಹೆಚ್ಚು ಎಂಬುದು ಪ್ರತಿಯೊಬ್ಬ ಪ್ರಾಯೋಜಕನಿಗೂ ಆಗ ಮನವರಿಕೆಯಾಯಿತು.

ಈ ಗದ್ದಲದ ನಡುವೆಯೇ ಕೆಟಿ ತಂಡ ತನ್ನ ಕಾಯುವಿಕೆ ಮುಗಿಸಿತು. ಮಾತೃಸಂಸ್ಥೆಯಲ್ಲಿ ಕೆಟಿಎಫ್ ವಿಲೀನವಾದ ಮೇಲೆ ತಂಡದ ಹೆಸರು ಕೆಟಿ ರೋಲ್‌ಸ್ಟರ್ ಆಗಿತ್ತು. 2010ರ ಆಗಸ್ಟ್‌ನಲ್ಲಿ ಗ್ವಾಂಗಲ್ಲಿಯಲ್ಲಿ ಅದು ಎಸ್‌ಕೆ ಟೆಲಿಕಾಂ ತಂಡವನ್ನು 4–2ರಿಂದ ಸೋಲಿಸಿ ಮೊದಲ ಸಲ ಪ್ರೊಲೀಗ್ ಗೆದ್ದಿತು. ಹದಿನೆಂಟರ ಲೀ ಯಂಗ್-ಹೋ ಆ ತಂಡದ ಜೀವಾಳ. ಮರುವರ್ಷದ ಫೈನಲನ್ನು ಶಾಂಘೈನಲ್ಲಿ ನಡೆಸುವ ಯೋಜನೆಗೆ ಚಂಡಮಾರುತ ಅಡ್ಡಬಂತು. ಕೆಲ ದಿನ ತಡವಾಗಿ ಅದು ಸಿಯೋಲ್‌ನಲ್ಲೇ ನಡೆದು, ಕೆಟಿ 4–3ರಿಂದ ಮತ್ತೆ ಗೆದ್ದಿತು.

ಅಷ್ಟರಲ್ಲಿ ತಂಡಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. 2011ರಲ್ಲಿ ಹ್ವಾಸುಂಗ್, ವೀಮೇಡ್, ಎಂಬಿಸಿ ಗೇಮ್ ತಂಡಗಳು ಮುಚ್ಚಿದವು. ಎಂಬಿಸಿ ಗೇಮ್ ವಾಹಿನಿಯೇ 2012ರ ಫೆಬ್ರುವರಿಯಲ್ಲಿ ಸಂಗೀತ ವಾಹಿನಿಯಾಯಿತು. ಬೀದಿಗೆ ಬಿದ್ದ ಆಟಗಾರರನ್ನು ಕೂಡಿಸಿ ಕೆಸ್ಪಾ ತಾನೇ 'ಎಂಟನೆಯ ತಂಡ' ಕಟ್ಟಿ ಪೊರೆಯಿತು. ಆಟದ ಎರಡನೆಯ ಭಾಗ ಸ್ಟಾರ್‌ಕ್ರಾಫ್ಟ್ 2 ಎರಡು ವರ್ಷದ ಹಿಂದೆಯೇ ಬಂದಿದ್ದರೂ ದೂರ ಉಳಿದಿದ್ದ ಪ್ರೊಲೀಗ್, 2012ರ ಮೇ ತಿಂಗಳಲ್ಲಿ ಅತ್ತ ಹೊರಳಿತು. ಆ ಋತುವಿನಲ್ಲಿ ಒಂದೇ ಪಂದ್ಯದಲ್ಲಿ ಅರ್ಧ ಹಳೆಯ ಆಟ, ಅರ್ಧ ಹೊಸ ಆಟ. ದಶಕದ ಅಭ್ಯಾಸ ಬೆರಳಿಗೆ ಇಳಿದಿದ್ದವರು ಎರಡನ್ನೂ ಆಡಬೇಕಾಗಿ ಬಂದದ್ದು ಆಟಗಾರರಿಗೆ ಕಠಿಣ, ನೋಡುಗರಿಗೆ ಗೊಂದಲ. ಸಿಜೆ ಗೆದ್ದ ಆ ಋತುವಿನೊಂದಿಗೆ ಪ್ರೊಲೀಗ್‌ನಲ್ಲಿ ಬ್ರೂಡ್ ವಾರ್ ಮುಗಿಯಿತು.

ಹೊಸ ಆಟದ ನಾಲ್ಕು ವರ್ಷಗಳಲ್ಲಿ ಪಂದ್ಯಗಳ ಮಟ್ಟ ಮೇಲಾಗಿಯೇ ಇತ್ತು. 2012–13ರಲ್ಲಿ ಮೊದಲ ಬಾರಿ ವಿದೇಶಿ ತಂಡವೊಂದು ಸೇರಿತು. ಆ ಋತುವನ್ನು ಗೆದ್ದ ಎಸ್‌ಟಿಎಕ್ಸ್ ತಂಡ ಪ್ರಶಸ್ತಿಯ ಬೆನ್ನಲ್ಲೇ, ಒಡೆಯ ಸಂಸ್ಥೆ ಸಾಲದ ಸುಳಿಗೆ ಸಿಕ್ಕಿದ್ದರಿಂದ, ವಿಸರ್ಜನೆಯಾಯಿತು. ಫೈನಲ್‌ನಲ್ಲಿ ಸೋತ ವುಂಗ್ಜಿನ್ ಕೂಡ ಉಳಿಯಲಿಲ್ಲ. ಹಿಂದೆ ಹನ್‌ಬಿಟ್ ಆಗಿದ್ದ ತಂಡ ಅದು. ಪಿಸಿ ಬಾಂಗ್‌ಗಳಲ್ಲಿ ಹುಡುಗರ ಪರದೆಗಳ ಮೇಲೆ ಈಗ ಲೀಗ್ ಆಫ್ ಲೆಜೆಂಡ್ಸ್ ಎಂಬ ಬೇರೆ ಆಟವಿತ್ತು. 2015ರಲ್ಲಿ ಮತ್ತೆ ಮೋಸದಾಟದ ಬಂಧನಗಳಾದವು. ಹೊಸ ಪ್ರಾಯೋಜಕರು ಬರಲಿಲ್ಲ.

2016ರ ಋತುವನ್ನು ಜಿನ್ ಏರ್ ಗ್ರೀನ್ ವಿಂಗ್ಸ್ ಗೆದ್ದಿತು. ಕೆಸ್ಪಾ ಪೊರೆದ ಎಂಟನೆಯ ತಂಡವೇ ವಿಮಾನಯಾನ ಕಂಪನಿಯೊಂದರ ಆಸರೆ ಪಡೆದು ಈ ಹೆಸರಿಗೆ ಬದಲಾಗಿತ್ತು. ಅದರ ಮೊದಲ ಪ್ರಶಸ್ತಿಯೇ ಲೀಗ್‌ನ ಕೊನೆಯ ಪ್ರಶಸ್ತಿಯಾಯಿತು. ಅಕ್ಟೋಬರ್ 18ರಂದು ಕೆಸ್ಪಾ ಅಧ್ಯಕ್ಷರು ಪ್ರೊಲೀಗ್ ನಿಲ್ಲಿಸುವುದಾಗಿ ಪ್ರಕಟಿಸಿದರು. ತಂಡಗಳು ಮತ್ತು ಆಟಗಾರರ ಸಂಖ್ಯೆಯ ಇಳಿಕೆ, ಪ್ರಾಯೋಜಕರ ಕೊರತೆ, ಮೋಸದಾಟ ಎಂಬ ಕಾರಣಗಳನ್ನು ಅವರು ಕೊಟ್ಟರು. ಉಳಿದಿದ್ದ ಏಳು ತಂಡಗಳಲ್ಲಿ ಐದು ಸ್ಟಾರ್‌ಕ್ರಾಫ್ಟ್ ವಿಭಾಗವನ್ನು ಮುಚ್ಚಿದವು. ವೈಯಕ್ತಿಕ ಪಂದ್ಯಾವಳಿಗಳು ಮುಂದುವರಿದವು.

ಪ್ರೊಲೀಗ್ ಬೆಳೆಸಿದ ತಂಡದ ಮನೆ, ಸಂಬಳದ ಕರಾರು, ಕೋಚ್‌ಗಳ ಪಡೆ, ಕಂಪನಿಗಳ ಜಿದ್ದು ಇವೆಲ್ಲ ಲೀಗ್ ಆಫ್ ಲೆಜೆಂಡ್ಸ್‌ನ ಕೊರಿಯನ್ ಲೀಗ್‌ಗೆ ಸಿದ್ಧವಾಗಿ ಸಿಕ್ಕವು. 2012ರ ಕೊನೆಗೆ ಎಸ್‌ಕೆ ಟೆಲಿಕಾಂ ಆ ಆಟಕ್ಕೂ ತಂಡ ಕಟ್ಟಿ ಮರುವರ್ಷವೇ ವಿಶ್ವ ಚಾಂಪಿಯನ್ ಆಯಿತು. ಆ ಲೀಗ್‌ನಲ್ಲಿ ಪ್ರಸಾರದ ಮತ್ತು ಒಡೆತನದ ಜಗಳಕ್ಕೆ ಆಸ್ಪದವಿಲ್ಲ, ಏಕೆಂದರೆ ಅದನ್ನು ನಡೆಸುವುದು ಆಟ ತಯಾರಿಸಿದ ರಾಯಟ್ ಗೇಮ್ಸ್ ಕಂಪನಿಯೇ. 2021ರಿಂದ ಅದು ಹತ್ತು ಕಾಯಂ ತಂಡಗಳ ಲೀಗ್ ಆಗಿದೆ. ಆ ಹತ್ತರಲ್ಲಿ ಟಿ1, ಕೆಟಿ ರೋಲ್‌ಸ್ಟರ್ ಎರಡೂ ಇದ್ದವು.